ಹುಳುಕು ಹಲ್ಲು ನಡುರಾತ್ರಿ ಎಮರ್ಜೆನ್ಸಿಗೆ ಬಂದು ನಿಲ್ಲುವುದೇಕೆ?

ಜುಲೈ ತಿಂಗಳ ಒಂದು ರಾತ್ರಿ ಕೋಲಾರ ಜಿಲ್ಲೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕುಳಿತಿದ್ದೆ. ವಾಂತಿಭೇದಿಯಿಂದ ಸೊರಗಿದ್ದ ಚಿಕ್ಕಪ್ಪನಿಗೆ ಡ್ರಿಪ್ ಹಾಕಿದ್ದರು. ಬಾಟಲಿ ಖಾಲಿಯಾಗುವುದನ್ನು ನೋಡುತ್ತಾ ಕೂರುವುದಷ್ಟೇ ನನ್ನ ಕೆಲಸ. ಒಂದೂಮುಕ್ಕಾಲರ ಹೊತ್ತಿಗೆ ಗಲ್ಲದಡಿಯಿಂದ ನೆತ್ತಿಯವರೆಗೆ ಟವೆಲ್ ಬಿಗಿದುಕೊಂಡವರೊಬ್ಬರು ಹೆಂಡತಿಯ ಜೊತೆ ಒಳಗೆ ಬಂದರು. ವಯಸ್ಸು ನಲವತ್ತರ ಆಸುಪಾಸು. ಟೊಮೆಟೊ ಮಂಡಿಯಲ್ಲಿ ಲಾರಿಗೆ ಬಾಕ್ಸ್ ಏರಿಸುವ ಹಮಾಲಿ ಎಂಬುದು ಅಂಗಿಯ ಮೇಲಿನ ಕಲೆಗಳಿಂದಲೇ ತಿಳಿಯುತ್ತಿತ್ತು. ಹತ್ತಿರ ಬಂದಾಗ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಎಷ್ಟು ದಿನದಿಂದ ನೋವು?" ಎಂದು ಡ್ಯೂಟಿ ಡಾಕ್ಟರ್ ಕೇಳಿದರು.

"ಮೂರು ದಿನದಿಂದ ಮೇಡಂ."

"ಸುಳ್ಳು ಮೇಡಂ, ಯುಗಾದಿಯಿಂದ ಇದೆ," ಎಂದು ಹೆಂಡತಿ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಅರ್ಧರ್ಧ ಮುಗಿದ ಮಾತ್ರೆಯ ಸ್ಟ್ರಿಪ್‌ಗಳು, ನಾಲ್ಕೈದು ಬಣ್ಣದವು. ಆ ಮನುಷ್ಯ ತನ್ನ ಪರ ವಾದಿಸುವವರಂತೆ ಹೇಳಿದರು: "ಆವಾಗ ಬಂದು ಹೋಗಿತ್ತು ಮೇಡಂ. ಈಗ ಬಾಕ್ಸ್ ಎತ್ತಲು ಬಗ್ಗಿದರೆ ಹಲ್ಲು ಎದ್ದು ಕುಣಿಯುತ್ತದೆ."

ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು, ಜ್ವರ ನೋಡಿದರು, ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದು ಪರೀಕ್ಷಿಸಿದರು. ಸೊಂಟಕ್ಕೆ ಒಂದು ಇಂಜೆಕ್ಷನ್ ಆಯಿತು. ಎರಡು ಚೀಟಿ ಬರೆದುಕೊಟ್ಟರು: ಒಂದು ಮಾತ್ರೆಗೆ, ಇನ್ನೊಂದು 'ಬೆಳಗ್ಗೆ ದಂತ ವಿಭಾಗದಲ್ಲಿ ತೋರಿಸುವುದು' ಎಂದು. ಆಮೇಲೆ ನಾನು ಓಆರ್‌ಎಸ್ ತರಲು ಎದುರಿನ ಮೆಡಿಕಲ್ ಸ್ಟೋರಿಗೆ ಹೋದಾಗ ಅವರಿಬ್ಬರೂ ಅಲ್ಲೇ ನಿಂತಿದ್ದರು. ಅಂಗಡಿಯ ಹುಡುಗ ಎರಡನೇ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಔಷಧಿ ಏನೂ ಇಲ್ಲವಲ್ಲ ಅಣ್ಣ," ಎಂದು ಹಿಂತಿರುಗಿಸಿದ. ಅದು ಮಡಚಿಕೊಂಡು ಅಂಗಿಯ ಜೇಬಿಗೆ ಸೇರಿತು.

ನನ್ನ ಪ್ರಕಾರ ಆ ರಾತ್ರಿ ಬರೆದ ಅಸಲಿ ಔಷಧಿ ಇದ್ದದ್ದು ಆ ಎರಡನೇ ಚೀಟಿಯಲ್ಲೇ. ಅದು ಜೇಬಿನಿಂದ ದಂತ ವಿಭಾಗದವರೆಗೆ ಏಕೆ ತಲುಪುವುದಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ, ತಡೆಯಬಹುದಾಗಿದ್ದ ಹಲ್ಲುನೋವಿಗೆ ವಯಸ್ಕರು ಎಮರ್ಜೆನ್ಸಿಯ ಬಾಗಿಲು ತಟ್ಟುವುದೇಕೆ ಎಂಬುದು ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಮೊದಲು ಹಲ್ಲಿನ ಒಳಗೆ ನಡೆಯುವುದೇನು ಎಂದು ನೋಡೋಣ. ಹಲ್ಲಿನ ಹೊರಕವಚಕ್ಕೆ, ಅಂದರೆ ಎನಾಮಲ್‌ಗೆ ನರವಿಲ್ಲ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಬಿಡುವ ಆಮ್ಲ ಅದನ್ನು ಕರಗಿಸುತ್ತಾ ಹೋದರೂ ಹಲ್ಲಿನ ಯಜಮಾನನಿಗೆ ಸುದ್ದಿಯೇ ಇರುವುದಿಲ್ಲ. ಈ ಹಂತಕ್ಕೆ ತಿಂಗಳುಗಳಲ್ಲ, ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಹುಳುಕು ಒಳಪದರಕ್ಕೆ ಇಳಿದ ಮೇಲೆ ತಣ್ಣೀರು ಜುಮ್ಮೆನ್ನುತ್ತದೆ, ಸಿಹಿ ತಿಂದರೆ ಚುಳ್ಳೆನ್ನುತ್ತದೆ. ಇಲ್ಲಿಗೆ ಬಂದರೂ ಒಂದು ಸಿಟ್ಟಿಂಗ್‌ನಲ್ಲಿ ಕೊರೆದು ಸಿಮೆಂಟ್ ತುಂಬಿಸಿದರೆ ಮುಗಿಯಿತು. ಅದನ್ನೂ ದಾಟಿ ನಡುವಿನ ಮೆದು ಭಾಗವಾದ ಪಲ್ಪ್ ತಲುಪಿದಾಗ ಕಥೆ ಬದಲಾಗುತ್ತದೆ. ಮೈಯ ಬೇರೆ ಕಡೆ ಉರಿಯೂತವಾದರೆ ಆ ಜಾಗ ಊದಿಕೊಳ್ಳುತ್ತದೆ, ಒತ್ತಡ ಹಂಚಿಹೋಗುತ್ತದೆ. ಪಲ್ಪ್ ಇರುವುದು ನಾಲ್ಕು ಕಡೆ ಗಟ್ಟಿ ಗೋಡೆಯ ಕೋಣೆಯೊಳಗೆ. ಊದಲು ಜಾಗವಿಲ್ಲ. ರಕ್ತ ಒಳಗೆ ಬರುತ್ತದೆ, ಸರಾಗವಾಗಿ ಹೊರಹೋಗುವುದಿಲ್ಲ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ನೋವು ಇಮ್ಮಡಿಯಾಗುತ್ತದೆ. ಹಗಲೆಲ್ಲಾ ಹೇಗೋ ತಡೆದುಕೊಂಡ ಹಲ್ಲು ದಿಂಬಿಗೆ ತಲೆ ಕೊಟ್ಟ ಅರ್ಧ ಗಂಟೆಗೆ ರಂಪ ಮಾಡುವುದು ಇದಕ್ಕೆ. ನಡುರಾತ್ರಿ ಎಮರ್ಜೆನ್ಸಿಗೆ ಬರುವವರನ್ನು 'ಇಷ್ಟು ಹೊತ್ತಿನಲ್ಲಿ ಹಲ್ಲುನೋವೆಂದು ಬಂದರಲ್ಲ' ಎಂದು ಗೊಣಗುವವರಿಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದು.

ಇದಕ್ಕಿಂತ ಮೋಸದ ಘಟ್ಟ ಮುಂದಿನದು. ಒತ್ತಡ ತಾಳದೆ ಪಲ್ಪ್ ಸತ್ತುಹೋಗುತ್ತದೆ. ನರವೂ ಸತ್ತ ಮೇಲೆ ನೋವು ಏಕಾಏಕಿ ನಿಲ್ಲುತ್ತದೆ. ಯುಗಾದಿಯಲ್ಲಿ ಬಂದ ನೋವು 'ಹೋಗಿತ್ತು' ಎಂದು ಆ ಹಮಾಲಿ ಹೇಳಿದ್ದು ಇದನ್ನೇ ಇರಬೇಕು. ಕೊನೆಯಲ್ಲಿ ನುಂಗಿದ ಮಾತ್ರೆಗೆ, ಹಚ್ಚಿದ ಎಣ್ಣೆಗೆ, ಕಟ್ಟಿಕೊಂಡ ಹರಕೆಗೆ ಕೀರ್ತಿ ಸಲ್ಲುತ್ತದೆ. ಒಳಗೆ ಕೊಳೆತದ್ದು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೀವಾಗಿ ಕೆನ್ನೆಯಲ್ಲಿ ಊದುತ್ತದೆ. ಈಗ ಬಂದದ್ದು ಎರಡನೇ ನೋವು, ಇನ್ನೊಂದು ಬಗೆಯದು. ಹಲ್ಲು ಕಚ್ಚಿದರೆ ಮೇಲೆದ್ದಂತೆ ಅನ್ನಿಸುತ್ತದೆ.

ಎಮರ್ಜೆನ್ಸಿಯ ವೈದ್ಯರ ಕೈ ಕಟ್ಟಿಹೋಗುವುದು ಇಲ್ಲಿ. ಪಲ್ಪ್ ತಲುಪಿದ ಹುಳುಕಿಗೂ ಕೀವಿಗೂ ಇರುವುದು ಮೂರೇ ದಾರಿ: ಬೇರಿನ ನಾಳ ಸ್ವಚ್ಛಗೊಳಿಸುವುದು (ರೂಟ್ ಕೆನಾಲ್), ಹಲ್ಲು ಕೀಳುವುದು, ಕೀವು ಕೊಯ್ದು ಬಿಡುವುದು. ಮೊದಲ ಎರಡಕ್ಕೆ ದಂತವೈದ್ಯರೂ ಕುರ್ಚಿಯೂ ಬೇಕು. ಅಪಘಾತ, ಹಾವು ಕಡಿತ, ಎದೆನೋವು ನೋಡುವ ಕೋಣೆಯಲ್ಲಿ ಎರಡೂ ಇರುವುದಿಲ್ಲ. ಉಳಿಯುವುದು ನೋವಿನ ಇಂಜೆಕ್ಷನ್ ಮತ್ತು ಆಂಟಿಬಯಾಟಿಕ್. ಎರಡನೆಯದರ ಮೇಲೆ ನಮ್ಮ ಜನಕ್ಕೆ ಅಪಾರ ನಂಬಿಕೆ. ಆದರೆ ನುಂಗಿದ ಆಂಟಿಬಯಾಟಿಕ್ ರಕ್ತದ ಮೂಲಕವೇ ಜಾಗ ತಲುಪಬೇಕು. ಸತ್ತ ಪಲ್ಪ್‌ಗೆ ರಕ್ತವೇ ಹರಿಯುವುದಿಲ್ಲ. ಪಲ್ಪ್ ಇನ್ನೂ ಬದುಕಿ ನರಳುತ್ತಿರುವಾಗಿನ ನೋವಾದರೆ ಅದು ಉರಿಯೂತದ ಒತ್ತಡದ್ದು, ಅದಕ್ಕೂ ಆಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ. ದಂತಚಿಕಿತ್ಸೆ ಕೈಗೆಟಕುವಂತಿದ್ದರೆ, ಬೇರೆ ಗಂಭೀರ ಕಾಯಿಲೆಯಿಲ್ಲದ ವಯಸ್ಕರ ಇಂಥ ಬಹುಪಾಲು ಹಲ್ಲುನೋವುಗಳಿಗೆ ಆಂಟಿಬಯಾಟಿಕ್ ಕೊಡಬೇಡಿ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಜ್ವರ ಬಂದು ಊತ ಹರಡುತ್ತಿದ್ದರೆ ಮಾತು ಬೇರೆ. ಆ ಪ್ಲಾಸ್ಟಿಕ್ ಕವರಿನಲ್ಲಿದ್ದ ಅರ್ಧರ್ಧ ಸ್ಟ್ರಿಪ್‌ಗಳು ಮಾತ್ರ ಯಾವ ಮಾರ್ಗಸೂಚಿಗೂ ಸೇರಿದವಲ್ಲ. ಅವು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ 'ಹಲ್ಲುನೋವಿಗೆ ಏನಾದರೂ ಕೊಡಪ್ಪ' ಎಂದು ಕೇಳಿ ತಂದವು. ಕಾಯಿದೆ ಪ್ರಕಾರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವಂತಿಲ್ಲ. ಕೌಂಟರಿನ ಮೇಲೆ ಆ ಕಾಯಿದೆ ಎಷ್ಟು ನಡೆಯುತ್ತದೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ.

ಹಲ್ಲುನೋವಿಗೆ ಎಮರ್ಜೆನ್ಸಿಗೆ ಓಡುವುದು ಕೋಲಾರದ ವಿಶೇಷವೇನೂ ಅಲ್ಲ. ಇದನ್ನು ಕರಾರುವಾಕ್ಕಾಗಿ ಲೆಕ್ಕ ಇಟ್ಟವರು ಅಮೆರಿಕದವರು. ಅಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಸಲ ಜನ ಹಲ್ಲಿನ ತೊಂದರೆಗೆ ತುರ್ತು ವಿಭಾಗ ಹೊಕ್ಕುತ್ತಾರೆ. ಇಷ್ಟು ಶ್ರೀಮಂತ ದೇಶದಲ್ಲಿ ಹೀಗೇಕೆ ಎಂದರೆ, ಅಲ್ಲಿಯ ಆರೋಗ್ಯ ವಿಮೆ ಬಾಯಿಯನ್ನು ದೇಹದ ಭಾಗವೆಂದು ಒಪ್ಪಿಕೊಂಡೇ ಇಲ್ಲ. 1965ರಲ್ಲಿ ವೃದ್ಧರಿಗಾಗಿ ತಂದ ಮೆಡಿಕೇರ್‌ನಿಂದ ಸಾಮಾನ್ಯ ದಂತಚಿಕಿತ್ಸೆಯನ್ನು ಹೊರಗಿಟ್ಟರು. ಬಡವರ ಮೆಡಿಕೇಡ್‌ನಲ್ಲಿ ವಯಸ್ಕರ ಹಲ್ಲನ್ನು ನೋಡುವುದೂ ಬಿಡುವುದೂ ಆಯಾ ರಾಜ್ಯದ ಮರ್ಜಿ. ಕ್ಯಾಲಿಫೋರ್ನಿಯಾ ಹಣ ಉಳಿಸಲೆಂದು 2009ರ ಜುಲೈನಲ್ಲಿ ವಯಸ್ಕರ ಈ ಸೌಲಭ್ಯದ ಬಹುಪಾಲನ್ನು ಕಿತ್ತುಹಾಕಿತು. ಮುಂದೆ ನಡೆದ ಅಧ್ಯಯನದಲ್ಲಿ ತಿಳಿದುಬಂದದ್ದು: ಹಲ್ಲಿಗಾಗಿ ಎಮರ್ಜೆನ್ಸಿಗೆ ಕೊಡುವ ಭೇಟಿಗಳು ಮೊದಲಿಗಿಂತ ವರ್ಷಕ್ಕೆ 1,800ಕ್ಕೂ ಹೆಚ್ಚು ಏರಿದವು. ಆ ರಾಜ್ಯ 2014ರಲ್ಲಿ ಸೌಲಭ್ಯವನ್ನು ಭಾಗಶಃ, 2018ರಲ್ಲಿ ಪೂರ್ತಿ ಹಿಂದಕ್ಕೆ ತಂದಿತು. ಅಲ್ಲಿನ ಜನ ಆ ಹತ್ತು ವರ್ಷದಲ್ಲಿ ಹಲ್ಲುಜ್ಜುವುದನ್ನು ಕಲಿತೂ ಇರಲಿಲ್ಲ, ಮರೆತೂ ಇರಲಿಲ್ಲ. ಬದಲಾದದ್ದು ಯಾವ ಬಾಗಿಲು ತೆರೆದಿದೆ ಎಂಬುದಷ್ಟೇ.

ಇನ್ನು ನಮ್ಮ ಬಾಗಿಲುಗಳು. ಕಾಗದದ ಮೇಲೆ ನೋಡಿದರೆ ಕೋಲಾರದ ಸ್ಥಿತಿ ಕೆಟ್ಟದ್ದೇನಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ದಂತ ವಿಭಾಗವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆಗಳಿವೆ, ಕೆಜಿಎಫ್‌ನಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯ ನಮ್ಮದು. ಪೇಟೆಯ ಮುಖ್ಯ ರಸ್ತೆಯಲ್ಲಿ ಬೇಕರಿಯಷ್ಟೇ ದಂತ ಕ್ಲಿನಿಕ್‌ಗಳ ಬೋರ್ಡುಗಳೂ ಕಾಣುತ್ತವೆ. ಆದರೆ ಸರ್ಕಾರಿ ದಂತ ವಿಭಾಗ ಕಚೇರಿಯ ವೇಳೆಯದು. ಬೆಳಗ್ಗೆ ತೆರೆದು ಸಂಜೆಯ ಹೊತ್ತಿಗೆ ಮುಚ್ಚುತ್ತದೆ. ಮಂಡಿಯಲ್ಲಿ ಬೆಳಗ್ಗೆ ಹರಾಜು. ಹದಿನೈದು ಕೆಜಿಯ ಬಾಕ್ಸ್‌ಗಳು ಇಳಿಯುವುದು, ಏರುವುದು, ಹೊರರಾಜ್ಯದ ಲಾರಿಗಳು ತುಂಬುವುದು ಎಲ್ಲವೂ ಆ ಹೊತ್ತಿನಿಂದ ಶುರುವಾಗಿ ರಾತ್ರಿಯವರೆಗೆ ನಡೆಯುವ ಕೆಲಸ. ಸೀಸನ್ನಿನಲ್ಲಿ ಒಂದು ಹೊತ್ತು ತಪ್ಪಿಸಿದರೆ ಆ ಹೊತ್ತಿನ ಕೂಲಿ ಹೋಯಿತು, ಗುಂಪಿನಲ್ಲಿರುವ ಜಾಗವೂ ಅಲುಗಾಡುತ್ತದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಶಿಫ್ಟ್‌ನವರದೂ ಇದೇ ಪಾಡು. ಬಂಗಾರಪೇಟೆ, ಮಾಲೂರಿನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುವವರು ತಮ್ಮೂರಿನ ದಂತವೈದ್ಯರ ಬಾಗಿಲು ತೆರೆದಿರುವುದನ್ನು ಭಾನುವಾರವೂ ಕಾಣುವುದಿಲ್ಲ, ಏಕೆಂದರೆ ಅಂದು ಅದೂ ರಜೆ.

ಸಂಜೆ ತೆರೆದಿರುವುದು ಖಾಸಗಿ ಕ್ಲಿನಿಕ್. ಅಲ್ಲಿ ಹಲ್ಲು ತುಂಬಿಸಲು ಐನೂರು, ಸಾವಿರ. ರೂಟ್ ಕೆನಾಲ್ ಮಾಡಿಸಿ ಮೇಲೊಂದು ಕ್ಯಾಪ್ ಹಾಕಿಸುವುದೆಂದರೆ ಐದಾರು ಸಾವಿರಕ್ಕೆ ಕಡಿಮೆಯಿಲ್ಲ, ಜೊತೆಗೆ ಮೂರು ನಾಲ್ಕು ಸಲದ ಓಡಾಟ. ಈ ದುಡ್ಡು ಯಾವ ಕಾರ್ಡಿನಿಂದಲೂ ಬರುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ದವಡೆ ಮುರಿತ, ಗಡ್ಡೆಯಂಥ ದೊಡ್ಡ ಶಸ್ತ್ರಚಿಕಿತ್ಸೆಗಳು ಪಟ್ಟಿಯಲ್ಲಿವೆ. ದಿನನಿತ್ಯದ ಹುಳುಕು ತುಂಬುವ ಕೆಲಸ ಹೊರರೋಗಿ ಚಿಕಿತ್ಸೆ, ಹಾಗಾಗಿ ಹೊರಗೆ. ಮಧ್ಯಮ ವರ್ಗದವರ ಸಾಮಾನ್ಯ ಆರೋಗ್ಯ ವಿಮೆಯೂ ಅಪಘಾತದಲ್ಲಿ ಹಲ್ಲು ಮುರಿದರಷ್ಟೇ ಕಣ್ಣು ಬಿಡುತ್ತದೆ. ಇದರ ಮೇಲೆ ರಾಜ್ಯದ 'ದಂತ ಭಾಗ್ಯ' ಯೋಜನೆ ಇದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕಟ್ಟಿಕೊಡುವುದು ಒಳ್ಳೆಯ ಕೆಲಸವೇ. ನನ್ನ ಬಂಧುವೊಬ್ಬರು ಅದರಿಂದ ಮತ್ತೆ ಮುದ್ದೆಯ ಜೊತೆ ಕಾಳಿನ ಸಾರು ಉಣ್ಣುವಂತಾದರು. ಆದರೂ ಮೂವತ್ತೆರಡೂ ಉದುರಿದ ಮೇಲೆ ಒಂದೇ ಸಲಕ್ಕೆ ಕೈ ಹಿಡಿಯುವ ಸರ್ಕಾರ, ಒಂದೊಂದಾಗಿ ಉದುರುವಾಗ ಎಲ್ಲಿರುತ್ತದೆ ಎಂದು ಕೇಳದಿರಲಾಗದು.

ಎಮರ್ಜೆನ್ಸಿಯ ಬಾಗಿಲು ಮಾತ್ರ ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತದೆ. ಅಲ್ಲಿ ಅಪಾಯಿಂಟ್‌ಮೆಂಟ್ ಬೇಡ, ಕೂಲಿ ಕಳೆಯುವುದಿಲ್ಲ, 'ಮುಂಗಡ ಎಷ್ಟು ಕಟ್ಟುತ್ತೀರಿ' ಎಂದು ಯಾರೂ ಕೇಳುವುದಿಲ್ಲ. ಆ ಹಮಾಲಿಯ ಲೆಕ್ಕದಲ್ಲಿ ಅವರು ಸರಿಯಾದ ಬಾಗಿಲಿಗೇ ಬಂದಿದ್ದರು.

ಈ ಜಿಲ್ಲೆಯಲ್ಲಿ ಹಲ್ಲಿನ ಮಾತೆತ್ತಿದರೆ ನೀರಿನ ಮಾತು ಬಾರದೆ ಇರುವುದಿಲ್ಲ. "ನಮ್ಮ ನೀರೇ ಹಾಗೆ, ಹಲ್ಲು ಉಳಿಯುವುದು ಹೇಗೆ?" ಶ್ರೀನಿವಾಸಪುರದಲ್ಲಿ ಕೇಳಿ, ಮುಳಬಾಗಿಲಿನಲ್ಲಿ ಪನ್ನು ನೊಪ್ಪಿ ಎಂದು ತೆಲುಗಿನಲ್ಲಿ ನರಳುವವರನ್ನು ಕೇಳಿ, ಉತ್ತರ ಇದೇ. ಫ್ಲೋರೈಡ್ ಇಲ್ಲಿ ನಿಜವಾದ ಸಮಸ್ಯೆ. ನಮ್ಮ ನೆಲದಡಿಯ ಕಣಶಿಲೆಯಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ; ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಷ್ಟೂ ಬಂಡೆಯ ಜೊತೆ ಬಹುಕಾಲ ಸಹವಾಸ ಮಾಡಿದ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರಿನ ಪಾವಗಡದ ಎಷ್ಟೋ ಕೊಳವೆಬಾವಿಗಳು ಈ ಗೆರೆ ದಾಟಿವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವುದರ ಹಿಂದೆ ಅಂತರ್ಜಲ ಏರಿಸುವ ಉದ್ದೇಶವಿದೆ. ಅದರ ಬಗ್ಗೆ ಬೇರೆಯದೇ ಜಗಳವಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಆದರೆ ಫ್ಲೋರೈಡ್ ಮಾಡುವ ಕೇಡು ಯಾವುದು, ಮಾಡದ ಕೇಡು ಯಾವುದು ಎಂಬ ವಿವೇಚನೆ ನಮ್ಮಲ್ಲಿ ಕಳೆದುಹೋಗಿದೆ. ಹಲ್ಲಿನ ಮೇಲಿನ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟಿ ಮೂಡುವುದು ಎನಾಮಲ್ ತಯಾರಾಗುವ ಕಾಲದಲ್ಲಿ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ದೊಡ್ಡವರಾದ ಮೇಲೆ ಎಷ್ಟು ಫ್ಲೋರೈಡ್ ನೀರು ಕುಡಿದರೂ ಹೊಸದಾಗಿ ಹಲ್ಲಿಗೆ ಕಲೆ ಬೀಳದು. ಆಗ ಹೊಡೆತ ಮೂಳೆ ಕೀಲುಗಳಿಗೆ. ಕಲೆ ಎಂದರೆ ಹುಳುಕಲ್ಲ. ತೀವ್ರವಾದಾಗ ಎನಾಮಲ್ ಗುಳಿಬಿದ್ದು ಸುಲಭವಾಗಿ ಮುಕ್ಕಾಗುತ್ತದೆ ಎಂಬುದು ನಿಜವೇ. ಸಾಧಾರಣ ಕಲೆಯ ಹಲ್ಲು ಗಟ್ಟಿಯಾಗಿಯೇ ಇರುತ್ತದೆ. ಹುಳುಕು ಮಾಡುವುದು ಸಕ್ಕರೆ. ಅದರಲ್ಲೂ ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಒಂದು ಲೋಟ ಸಿಹಿ ಟೀ ಕುಡಿದ ಮೇಲೆ ಬಾಯಿ ಆಮ್ಲದಿಂದ ಚೇತರಿಸಿಕೊಳ್ಳಲು ಅರ್ಧ ಗಂಟೆ ಬೇಕು. ಮಂಡಿಯಲ್ಲಿ ಲಾರಿಗೊಂದು ಟೀ ಎಂಬ ಲೆಕ್ಕ ನಡೆಯುವವರ ಬಾಯಿಗೆ ಆ ಅರ್ಧ ಗಂಟೆ ಸಿಗುವುದೇ ಇಲ್ಲ. 2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನವರಲ್ಲಿ ನೂರಕ್ಕೆ 80 ಮಂದಿಗೆ ಹುಳುಕು ಕಂಡಿತ್ತು. ಅಷ್ಟೂ ಜನ ಫ್ಲೋರೈಡ್ ನೀರು ಕುಡಿದವರಲ್ಲ.

ಕಲೆಯ ಹಲ್ಲಿನವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಮ್ಮ ಮದುವೆ ಮನೆಗಳಲ್ಲಿ ನೋಡಬಹುದು. ಇವು ಹೇಗೂ ಕೆಟ್ಟ ಹಲ್ಲು ಎಂಬ ತೀರ್ಮಾನ ಚಿಕ್ಕಂದಿನಲ್ಲೇ ಆಗಿಹೋಗಿರುತ್ತದೆ. ಹೇಗೂ ಹೋಗುವ ಹಲ್ಲಿಗೆ ಯಾರು ಐನೂರು ರೂಪಾಯಿ ಹಾಕುತ್ತಾರೆ? ಹೀಗೆ ನೀರಿನ ಮೇಲಿನ ನ್ಯಾಯವಾದ ಸಿಟ್ಟು, ಹುಳುಕನ್ನು ಹಣೆಬರಹ ಮಾಡಿಬಿಟ್ಟಿದೆ. ಇದರ ಇನ್ನೊಂದು ವ್ಯಂಗ್ಯವೂ ಇದೆ. ಫ್ಲೋರೈಡಿಗೆ ಹೆದರಿ ಹಲವರು ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೂ ಬಿಟ್ಟು ಕೆಂಪು ಹಲ್ಲುಪುಡಿಗೆ, ಇದ್ದಿಲಿಗೆ ಮರಳುತ್ತಾರೆ. ಉಜ್ಜಿ ಉಗುಳುವ ಪೇಸ್ಟಿಗೂ ದಿನಕ್ಕೆ ಮೂರು ಲೀಟರ್ ಕುಡಿಯುವ ನೀರಿಗೂ ಹೋಲಿಕೆಯಿಲ್ಲ. ವಯಸ್ಕರ ಹಲ್ಲಿಗೆ ಆ ಪೇಸ್ಟ್ ರಕ್ಷೆ.

ಹೊಗೆಸೊಪ್ಪಿನ ಪಾತ್ರವೂ ಸಣ್ಣದಲ್ಲ. 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುವವರು. ಹಲ್ಲುನೋವಿಗೆಂದು ಸಂದಿಯಲ್ಲಿಟ್ಟ ಕಡ್ಡಿಪುಡಿ ಅಭ್ಯಾಸವಾಗಿ, ವಸಡು ಸರಿಸಿ, ಬೇರು ತೆರೆದಿಟ್ಟು, ಕಡೆಗೆ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ಹಾಗಾದರೆ ಪ್ರತಿ ಎಮರ್ಜೆನ್ಸಿಯಲ್ಲೂ ರಾತ್ರಿ ದಂತವೈದ್ಯರನ್ನು ಕೂರಿಸಬೇಕೆ? ನನಗೆ ಹಾಗನ್ನಿಸುವುದಿಲ್ಲ. ಅದಕ್ಕಿಂತ ಅಗ್ಗದ ಕೆಲಸಗಳಿವೆ. ದಂತ ವಿಭಾಗದ ವೇಳೆಯನ್ನು ವಾರದಲ್ಲಿ ಎರಡು ದಿನ ರಾತ್ರಿ ಎಂಟರವರೆಗೆ ಸರಿಸಿ, ಬದಲಿಗೆ ಬೆಳಗ್ಗೆ ತಡವಾಗಿ ತೆರೆದರೆ ಹೊಸ ಹುದ್ದೆಯೂ ಬೇಡ, ಹೊಸ ಕುರ್ಚಿಯೂ ಬೇಡ. ಆ ಎರಡನೇ ಚೀಟಿಯ ಮೇಲೆ ಟೋಕನ್ ಸಂಖ್ಯೆ, ಹೋಗಬೇಕಾದ ದಿನ, ಕೋಣೆ ಸಂಖ್ಯೆ ಇದ್ದರೆ ಸಾಲಿನಲ್ಲಿ ಅರ್ಧ ದಿನ ಕಳೆಯುವ ಭಯ ಕಡಿಮೆಯಾಗುತ್ತದೆ. ದವಡೆಯ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಹಾಕುವುದನ್ನು ಎಮರ್ಜೆನ್ಸಿಯ ವೈದ್ಯರೂ ಕಲಿಯಬಹುದು. ದೀರ್ಘಕಾಲ ಕೆಲಸ ಮಾಡುವ ಮದ್ದು ಬಳಸಿದರೆ ಗಂಟೆಗಟ್ಟಲೆ ನೋವಿಲ್ಲದೆ ಬೆಳಗಾಗುತ್ತದೆ. ಅದು ಮಾತ್ರೆಗಳ ಮೂಟೆಗಿಂತ ಎಷ್ಟೋ ವಾಸಿ.

ಇನ್ನೊಂದು ಅವಕಾಶವಂತೂ ಈಗಾಗಲೇ ಕೈಯಲ್ಲಿದೆ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆಗಳ ಜೊತೆ ಬಾಯಿ ಕ್ಯಾನ್ಸರ್ ತಪಾಸಣೆ ಮಾಡುವುದು ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಕೆನ್ನೆಯ ಒಳಗೆ ಬಿಳಿ ಮಚ್ಚೆ ಹುಡುಕುವವರ ಕಣ್ಣಿಗೆ ಪಕ್ಕದಲ್ಲೇ ಇರುವ ಕಪ್ಪು ಗುಳಿ ಬೀಳದೇ ಇರುತ್ತದೆಯೇ? ಅದನ್ನು ಬರೆಯಲು ನಮೂನೆಯಲ್ಲಿ ಒಂದು ಕಾಲಂ ಸಾಕು. ಕೊರೆಯುವ ಯಂತ್ರವಿಲ್ಲದೆ ಕೈ ಉಪಕರಣದಿಂದಲೇ ಹುಳುಕು ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ವಿಧಾನವಿದೆ. ಹುಳುಕಿನ ಮೇಲೆ ಹಚ್ಚಿದರೆ ಅದರ ಓಟ ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವಿದೆ. ಈ ಎರಡನ್ನೂ, ಜೊತೆಗೆ ಫ್ಲೋರೈಡ್ ಟೂತ್‌ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ದ್ರಾವಣ ಹುಳುಕನ್ನು ಕಪ್ಪು ಮಾಡುತ್ತದೆ ಎಂಬ ಒಂದು ದೂರು ಇದೆ. ಕೆಳದವಡೆಯ ಹಿಂದಿನ ಹಲ್ಲು ಕಪ್ಪಾದರೆ ಯಾರು ನೋಡುತ್ತಾರೆ ಎಂದು ನಾನು ಕೇಳುತ್ತೇನೆ.

ಅಲ್ಲಿಯವರೆಗೆ ಎಮರ್ಜೆನ್ಸಿಗೆ ಹೋಗುವುದನ್ನು ಯಾರೂ ನಾಚಿಕೆಯ ವಿಷಯ ಮಾಡಿಕೊಳ್ಳಬಾರದು. ಕೆಲವು ಸಲವಂತೂ ಬೆಳಗಾಗುವವರೆಗೆ ಕಾಯಲೇಬಾರದು. ಹಲ್ಲುನೋವಿನ ಜೊತೆ ಜ್ವರ, ಎರಡು ಬೆರಳೂ ಹೋಗದಷ್ಟು ಬಿಗಿದ ಬಾಯಿ, ಉಗುಳು ನುಂಗಲಾಗದೆ ಸೋರುವುದು, ಧ್ವನಿ ಬದಲಾಗುವುದು, ಗಲ್ಲದಡಿ ಎರಡೂ ಕಡೆ ಹಲಗೆಯಂತೆ ಗಟ್ಟಿ ಊತ, ನಾಲಿಗೆ ಮೇಲೆದ್ದಂತಾಗುವುದು, ಕಣ್ಣಿನ ಸುತ್ತ ಊತ ಇವುಗಳಲ್ಲಿ ಯಾವುದೇ ಕಂಡರೂ ಹೊರಡಬೇಕು. ಕೆಳದವಡೆಯ ಕೊನೆಯ ಎರಡು ಹಲ್ಲುಗಳ ಬೇರು ನಾಲಿಗೆಯ ಕೆಳಗಿನ ಸ್ನಾಯುವಿಗಿಂತಲೂ ಕೆಳಗೆ ಇಳಿದಿರುತ್ತದೆ. ಅಲ್ಲಿಯ ಕೀವು ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಆಂಟಿಬಯಾಟಿಕ್ ಬರುವ ಮೊದಲು ಇದು ತಗುಲಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಬೇಗ ಹರಡುತ್ತದೆ, ಹರಡಿದ ಸೋಂಕು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ; ಅವರು ಊತ ಕಂಡ ದಿನವೇ ತೋರಿಸಬೇಕು.

ಹಲ್ಲೆಲ್ಲಾ ಚೆನ್ನಾಗಿದ್ದೂ ಮೆಟ್ಟಿಲು ಹತ್ತುವಾಗ, ಬಾಕ್ಸ್ ಎತ್ತುವಾಗ ಕೆಳದವಡೆಯಲ್ಲಿ ಹಿಂಡಿದಂತೆ ನೋವು ಬಂದು, ಕುಳಿತರೆ ಇಳಿಯುತ್ತಿದ್ದರೆ, ಬೆವರು, ಏದುಸಿರು ಜೊತೆಗಿದ್ದರೆ, ಅದು ಹೃದಯದ್ದಿರಬಹುದು. ಆ ಹಲ್ಲುನೋವಿಗೆ ಲವಂಗದೆಣ್ಣೆ ಹುಡುಕುತ್ತಾ ಕೂರದೆ ನೇರ ಎಮರ್ಜೆನ್ಸಿಗೇ ಹೋಗಿ ಇಸಿಜಿ ಮಾಡಿಸಬೇಕು.